ಬಿದ್ದ, ಬೀಳಿಸಿದ

ಚಿಕ್ಕಬಳ್ಳಾಪುರದ ಸೆಷನ್ಸ್ ಕೋರ್ಟಿನಲ್ಲಿ
ಸಾಕ್ಷಿ ನುಡಿದದ್ದನ್ನು ಟೈಪು ಮಾಡುವವಳು ನಾನು.
ಹೊಸ ಕಾನೂನು ಬಂದು ವರ್ಷ ದಾಟಿದರೂ
ಬೆರಳು ಇನ್ನೂ ಮುನ್ನೂರ ಎರಡನ್ನೇ ಒತ್ತುತ್ತದೆ,
ಅಳಿಸಿ ನೂರ ಮೂರು ಮಾಡುತ್ತೇನೆ.
ಕೊಲೆ ಮಾತ್ರ ಕೊಲೆಯೇ. ಅದಕ್ಕೆ ಹೊಸ ಹೆಸರು ಯಾರೂ ಇಟ್ಟಿಲ್ಲ.

ಇವತ್ತಿನ ಕೇಸು ನಮ್ಮೂರಿನದೇ,
ಶಿಡ್ಲಘಟ್ಟದ ಒಂದು ಫಿಲೇಚರಿನದು.
ಹನ್ನೊಂದು ನೂರು ಬಟವಾಡೆ ಬಾಕಿ,
ಮಾತಿಗೆ ಮಾತು, ಆಮೇಲೆ ಒಂದು ಕೈ,
ಆಮೇಲೆ ಗೂಡು ಕುದಿಯುವ ತೊಟ್ಟಿ.
ದೊಡ್ಡಮುನಿಯ ಒಂಬತ್ತು ದಿನ ಬದುಕಿದ್ದ.

ಕೈ ಯಾರದು ಅನ್ನುವುದರಲ್ಲಿ ತಕರಾರಿಲ್ಲ,
ಪಿಳ್ಳಾಂಜಿನಪ್ಪನದೇ. ಕಟಕಟೆಯಲ್ಲಿ ಅವನು
ಆ ಕೈಯನ್ನು ಇನ್ನೊಂದರಲ್ಲಿ ಹಿಡಿದು ನಿಂತಿದ್ದಾನೆ,
ಸಂತೆಯಲ್ಲಿ ತಪ್ಪಿಸಿಕೊಂಡೀತೆಂದು ಮಗುವನ್ನು ಹಿಡಿದ ಹಾಗೆ.
ತಕರಾರು, ಆ ಕೈಯೊಳಗೆ ಏನಿತ್ತು ಅನ್ನುವುದು.
ಕತ್ತಿಯಲ್ಲ, ಕೋಲಲ್ಲ,
ಮಹಜರಿನಲ್ಲಿ ಜಪ್ತು ಮಾಡಲಾಗದ,
ಚೀಟಿ ಅಂಟಿಸಿ ಅರಗು ಒತ್ತಲಾಗದ ಒಂದು.
ವಕೀಲರು ಅದನ್ನು ಉದ್ದೇಶ ಅನ್ನುತ್ತಾರೆ.

ಸಾಕ್ಷಿ ಬಾಬಾಜಾನ್, ಬಾಯ್ಲರಿಗೆ ಸೌದೆ ಹಾಕುವವನು.
ನಮ್ಮ ಕಡೆಯ ಎಲ್ಲರ ನಾಲಿಗೆಯ ಹಾಗೆ ಅವನದೂ
ಮೂರು ಭಾಷೆಯ ಕಲಸುಮೇಲೋಗರ.
'ಚೆಯ್ಯಿ ತಗಿಲಿಂದಿ ಸಾಮಿ, ಬಿದ್ದೋದ' ಅಂದ.
ಜಡ್ಜು ಕನ್ನಡ ಮಾಡಿ ಹೇಳಿದರು: ಕೈ ತಾಗಿತು, ಬಿದ್ದ.
ಸರ್ಕಾರಿ ವಕೀಲರು ಎದ್ದರು: ತಾಗಿತೋ, ತಾಗಿಸಿದನೋ?
ಬಿದ್ದನೋ, ಬೀಳಿಸಿದನೋ?
ಎದುರು ವಕೀಲರೂ ಎದ್ದರು: ಬಾಯಿಗೆ ಮಾತು ತುರುಕಬೇಡಿ.
ಫ್ಯಾನು ತಿರುಗುತ್ತಿತ್ತು. ಅದನ್ನು
ಯಾರಾದರೂ ತಿರುಗಿಸುತ್ತಿದ್ದರೋ ಏನೋ.

ಎಂಟನೇ ಕ್ಲಾಸಿನಲ್ಲಿ ಸಂಪಂಗಮ್ಮ ಟೀಚರ್ ಬೋರ್ಡಿಗೆ ಬರೆದಿದ್ದರು:
ಬೀಳು, ಬೀಳಿಸು. ಬೇಯು, ಬೇಯಿಸು. ಓಡು, ಓಡಿಸು.
ಪ್ರೇರಣಾರ್ಥಕ ಅಂತ ಹೆಸರು. ನಾಲ್ಕು ಮಾರ್ಕು.
'ಸಾಯು, ಸಾಯಿಸು' ಅಂತ ಹಿಂದಿನ ಬೆಂಚಿನಿಂದ ಕೂಗಿದವನಿಗೆ
ಪೆಟ್ಟು ಬಿತ್ತು.
ತಪ್ಪೇನೂ ಹೇಳಿರಲಿಲ್ಲ ಅವನು.

ಒಂದು 'ಇಸು'.
ಸೇರಿದರೆ ಜೀವಾವಧಿ,
ಸೇರದಿದ್ದರೆ ಕೆಲವು ವರ್ಷ, ಇಲ್ಲವೇ ಮನೆ.
ನೀರು ಸುಡುತ್ತದೆಂದು ಗೊತ್ತಿತ್ತೇ ಅನ್ನುವುದು ಬೇರೆ ಪ್ರಶ್ನೆ.
ಹದಿನಾರು ವರ್ಷ ಅದೇ ನೀರಿನಲ್ಲಿ ಬೆರಳದ್ದಿದವನು
ಗೊತ್ತಿರಲಿಲ್ಲ ಅಂತ ಹೇಗೆ ಹೇಳಿಯಾನು?

ನನ್ನಮ್ಮನೂ ನೂಲು ಬಿಚ್ಚುತ್ತಿದ್ದಳು.
ಬೆಂದ ಗೂಡನ್ನು ಬಿಸಿನೀರಲ್ಲಿ ತಟ್ಟಿ ತಟ್ಟಿ
ಎಳೆಯ ತುದಿ ಹುಡುಕುವಳು.
ಸಿಕ್ಕಿತೆಂದರೆ ಗೂಡು ಪೂರ್ತಿ ಬಿಚ್ಚಿಕೊಳ್ಳುತ್ತದೆ,
ಕೊನೆಗೆ ಹುಳ ಮಾತ್ರ ಉಳಿಯುತ್ತದೆ, ಕಂದಗೆ, ಮುದುಡಿ.
ಇಲ್ಲಿ ಕರಿಕೋಟು ತೊಟ್ಟು ಮನುಷ್ಯನನ್ನು ಹಾಗೆ ತಟ್ಟುತ್ತಾರೆ.
ಒಮ್ಮೊಮ್ಮೆ ತುದಿ ಸಿಗುತ್ತದೆ. ಒಮ್ಮೊಮ್ಮೆ ಕಿತ್ತುಹೋಗುತ್ತದೆ,
ಆಗ ಸಂಶಯದ ಲಾಭ ಅನ್ನುತ್ತಾರೆ.
ಲಾಭ ಅನ್ನುವ ಮಾತು ಅಲ್ಲಿಗೆ ಯಾಕೆ ಬಂತೋ.

ಬಾಬಾಜಾನ್ ಬಹಳ ಹೊತ್ತು ಸುಮ್ಮನಿದ್ದ, ಆಮೇಲೆ ಹೇಳಿದ:
'ನೆಲ ಜಾರುತ್ತೆ ಸಾಮಿ, ಹುಳದ ಎಣ್ಣೆ.
ಸಿಟ್ಟೂ ಇತ್ತು. ಎರಡೂ ಇತ್ತು.'
ಹಾಗೇ ಟೈಪು ಮಾಡಿದೆ. ಓದಿ ಹೇಳಿದೆ. ಸರಿ ಅಂದ.
ಹೆಬ್ಬೆಟ್ಟು ಒತ್ತಿ, ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡ.
ಮುಂದಿನ ತಾರೀಖು ಹದಿನೇಳು.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ತಂಗಿಯ ಫೋನು, ಎಚ್. ಕ್ರಾಸಿನಿಂದ.
ಮಗಳು ಸೈಕಲ್ಲಿನಿಂದ ಬಿದ್ದು ಮೊಣಕೈ ತರಚಿಕೊಂಡಳಂತೆ.
'ನಾನು ಬಿದ್ದಿರಲಿಲ್ವಾ ಅಕ್ಕ, ಫಿಲೇಚರಿನ ಮೆಟ್ಟಿಲಿಂದ,
ನಿನ್ನ ಕೆಂಪು ರಿಬ್ಬನ್ ಕದ್ದ ದಿನ?
ಗುರುತು ಇನ್ನೂ ಇದೆ ನೋಡು' ಅಂದಳು,
ಫೋನಿನಲ್ಲಿ ಕಾಣುತ್ತದೆ ಅನ್ನುವ ಹಾಗೆ.

ಇಪ್ಪತ್ತೆಂಟು ವರ್ಷದಿಂದ ಅವಳು ಬಿದ್ದೆ ಅಂತಲೇ ಹೇಳುತ್ತಾಳೆ.
ಅಮ್ಮ ಓಡಿಬಂದು ಕೇಳಿದಾಗ
ಬಿದ್ದಳು ಅಂತ ಮೊದಲು ಹೇಳಿದವಳು ನಾನು.
ನೋಡಿದವರು ಯಾರೂ ಇರಲಿಲ್ಲ.
ನೆಲವೂ ಜಾರುತ್ತಿತ್ತು, ಹೌದು.

ದಿನವಿಡೀ ಕಂಡವರ ಮಾತು ತಿದ್ದುವ ಬೆರಳು
ಫೋನನ್ನು ಕಿವಿಗೆ ಒತ್ತಿ ಹಿಡಿದಿತ್ತು.
'ಹೂಂ, ಬಿದ್ದಿದ್ದೆ' ಅಂದೆ.
'ಮಗುವಿಗೆ ಅರಿಶಿನ ಹಚ್ಚು.'